ಕೆಂಪು ದೀಪ ಹೊತ್ತಿದ ಮೇಲೆ

ತರಗತಿಯಲ್ಲಾದರೆ ಮುಖ ನೋಡಿದರೇ ತಿಳಿಯುತ್ತದೆ. ಆನ್‌ಲೈನ್ ಕೋರ್ಸಿನಲ್ಲಿ ಹಿಂದೆ ಬಿದ್ದವರು ಸದ್ದಿಲ್ಲದೆ ಮಾಯವಾಗುತ್ತಾರೆ. ಉಳಿಯುವುದು ಲಾಗಿನ್ ಆದ ಹೊತ್ತು, ತೆರೆದ ಪುಟಗಳು, ಕೊಡದೆ ಬಿಟ್ಟ ಅಸೈನ್‌ಮೆಂಟು. ಈ ಹೆಜ್ಜೆಗುರುತುಗಳನ್ನು ಓದುವ ಕಸುಬಿಗೆ ಈಗ ‘ಲರ್ನಿಂಗ್ ಅನಲಿಟಿಕ್ಸ್’ ಎಂಬ ಹೆಸರಿದೆ.

ಓದು ಅರ್ಧಕ್ಕೆ ಬಿಡುವುದೇಕೆ ಎಂಬ ಬಗ್ಗೆ ಅಮೆರಿಕದ ಸಮಾಜಶಾಸ್ತ್ರಜ್ಞ ವಿನ್ಸೆಂಟ್ ಟಿಂಟೊ 1975ರಲ್ಲೇ ಸಿದ್ಧಾಂತ ಮಂಡಿಸಿದ್ದರು. ಲರ್ನಿಂಗ್ ಅನಲಿಟಿಕ್ಸ್‌ನ ಮೊದಲ ಅಂತರರಾಷ್ಟ್ರೀಯ ಸಮ್ಮೇಳನ ಕೆನಡಾದ ಬ್ಯಾನ್ಫ್‌ನಲ್ಲಿ ಸೇರಿದ್ದು 2011ರಲ್ಲಿ.

ನಡುವೆ ಬಂದದ್ದು ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದ ‘ಕೋರ್ಸ್ ಸಿಗ್ನಲ್ಸ್’. ಅಂಕ, ಆನ್‌ಲೈನ್ ಓಡಾಟ, ಹಿಂದಿನ ಓದು, ವಿದ್ಯಾರ್ಥಿಯ ಹಿನ್ನೆಲೆ ಎಲ್ಲವನ್ನೂ ಕೂಡಿ ಕಳೆದು ಆತ ಹಿಂದೆ ಬೀಳುವ ಅಪಾಯ ಎಷ್ಟೆಂದು ಹಸಿರು, ಹಳದಿ ಅಥವಾ ಕೆಂಪು ದೀಪದಲ್ಲಿ ತೋರಿಸುತ್ತಿದ್ದ ವ್ಯವಸ್ಥೆ. ಅದಿದ್ದ ಎರಡು ಅಥವಾ ಹೆಚ್ಚು ಕೋರ್ಸ್ ತೆಗೆದುಕೊಂಡವರು ಓದು ಬಿಡುವುದು ಬಹಳ ಕಡಿಮೆ ಎಂಬ ಲೆಕ್ಕ ಹೊರಬಿದ್ದಾಗ ಎಲ್ಲರ ಕಿವಿ ನೆಟ್ಟಗಾಯಿತು. 2013ರಲ್ಲಿ ಆನ್‌ಲೈನ್ ಶಿಕ್ಷಣ ತಜ್ಞ ಮೈಕ್ ಕಾಲ್‌ಫೀಲ್ಡ್ ಮೊದಲಾದವರು ಆ ಲೆಕ್ಕವನ್ನು ಕೆದಕಿದರು. ಮೊದಲ ಸೆಮಿಸ್ಟರಿಗೇ ಬಿಟ್ಟುಹೋದವರಿಗೆ ಎರಡನೇ ಕೋರ್ಸ್ ಎಲ್ಲಿಂದ ಬರಬೇಕು? ಉಳಿದುಕೊಂಡದ್ದರಿಂದ ಹೆಚ್ಚು ಕೋರ್ಸ್ ಸಿಕ್ಕಿರಬಹುದಲ್ಲ! ಇದೇ ಕ್ಷೇತ್ರದ ಆಲ್ಫ್ರೆಡ್ ಎಸ್ಸಾ ಕಂಪ್ಯೂಟರಿನಲ್ಲಿ ಅಣಕು ಲೆಕ್ಕ ಹಾಕಿ, ದೀಪದ ಬದಲು ಚಾಕೊಲೇಟ್ ಹಂಚಿದರೂ ಇಂಥದೇ ಫಲಿತಾಂಶ ಬರುತ್ತದೆಂದು ತೋರಿಸಿದರು. ಸುಳ್ಳು ಹೇಳುವ ಉದ್ದೇಶ ಯಾರಿಗೂ ಇತ್ತೆನ್ನಲಾಗದು. ಆದರೆ ಒಳ್ಳೆಯ ಸುದ್ದಿಯನ್ನು ಎರಡು ಸಲ ಎಣಿಸುವ ತಾಳ್ಮೆ ಯಾರಿಗಿರುತ್ತದೆ?

ಬ್ರಿಟನ್ನಿನ ಓಪನ್ ಯೂನಿವರ್ಸಿಟಿ ವಿದ್ಯಾರ್ಥಿಗಳ ದತ್ತಾಂಶವನ್ನು ನೈತಿಕವಾಗಿ ಬಳಸುವ ನೀತಿಯನ್ನು 2014ರಲ್ಲಿ ಹೊರತಂದಿತು. ಬಳಿಕ 32,593 ವಿದ್ಯಾರ್ಥಿಗಳ ಹೆಸರು ಅಳಿಸಿದ ದಾಖಲೆಗಳನ್ನೂ ಸಂಶೋಧಕರಿಗೆ ತೆರೆದಿಟ್ಟಿತು. ಯಾರು ಹಿಂದೆ ಬೀಳಬಹುದೆಂದು ಊಹಿಸಲು ಅದರ ಮೇಲೆ ಕಟ್ಟಿದ ಕಂಪ್ಯೂಟರ್ ಮಾದರಿಗಳಿಗೆ ಲೆಕ್ಕವಿಲ್ಲ. ಒಂದು ಮಾದರಿಗಿಂತ ಇನ್ನೊಂದು ಎರಡಂಶ ನಿಖರ ಎಂಬ ಪೈಪೋಟಿಯಲ್ಲಿ, ಗುರುತಿಸಿದವರಿಗೆ ಏನು ಮಾಡಬೇಕೆಂಬುದು ಹಲವು ಸಲ ಕೊನೆಯ ಪ್ಯಾರಾದಲ್ಲಿ ಉಳಿಯುತ್ತದೆ.

2021ರಲ್ಲಿ ಅಮೆರಿಕದ ಸುದ್ದಿತಾಣ ‘ದ ಮಾರ್ಕಪ್’ ಇನ್ನೊಂದು ಗಂಟು ಬಿಚ್ಚಿತು. ಅಮೆರಿಕದ ಕೆಲವು ದೊಡ್ಡ ವಿಶ್ವವಿದ್ಯಾಲಯಗಳ ಮಾದರಿಗಳು ಜನಾಂಗವನ್ನೂ ಲೆಕ್ಕಕ್ಕೆ ಹಿಡಿದಿದ್ದವು. ಕಪ್ಪು ವಿದ್ಯಾರ್ಥಿಗಳಿಗೆ ‘ಅಪಾಯದಲ್ಲಿದ್ದಾರೆ’ ಎಂಬ ಹಣೆಪಟ್ಟಿ ಬಿಳಿಯರಿಗಿಂತ ಬಹಳ ಹೆಚ್ಚು ಬಿದ್ದಿತ್ತು. ಹಳೆಯ ದಾಖಲೆ ನೋಡಿ ಕಲಿತ ಯಂತ್ರ ಹಳೆಯ ತಾರತಮ್ಯವನ್ನೂ ಕಲಿತಿರುತ್ತದೆ. ಜನಾಂಗದ ಕಾಲಂ ತೆಗೆದುಹಾಕಿದರೂ ಊರು, ಶಾಲೆ, ಆದಾಯದ ಕಾಲಂಗಳು ಅದೇ ಸುದ್ದಿಯನ್ನು ಪಿಸುಗುಟ್ಟುತ್ತವೆ.

ಹತ್ತು ದಿನ ಲಾಗಿನ್ ಆಗದವರಿಗೆ ಜ್ವರವೋ, ರಾತ್ರಿಪಾಳಿಯೋ, ಪಾಠವೇ ಬೇಸರವೋ, ಇದಕ್ಕೆ ಯಾವ ಕಾಲಮ್ಮೂ ಇಲ್ಲ. ಅದು ತಿಳಿಯಲು ಯಾರಾದರೂ ಫೋನ್ ಮಾಡಬೇಕು. ಎಚ್ಚರಿಕೆಯ ಸಂದೇಶವೇನೋ ತಾನಾಗಿ ಹೋಗುತ್ತದೆ, ಕೆಲವೊಮ್ಮೆ ಅವರು ತೆರೆಯುವುದನ್ನೇ ಬಿಟ್ಟಿರುವ ಅದೇ ಕೋರ್ಸ್ ಪುಟಕ್ಕೆ.