ಮೊದಲು ತಾಗಬೇಕಾದ್ದು ರಬ್ಬರ್: ಲೋ ಮಾಡಿದ ಕಾರಿನ ರಿಪೇರಿ

ಒಬ್ಬ ಹುಡುಗ ಬೆಂಗಳೂರಿನ ನಮ್ಮ ಗ್ಯಾರೇಜಿಗೆ ಹೋಂಡಾ ಸಿಟಿ ತಂದಿದ್ದ. 2014ರ ಮಾಡೆಲ್. ಬೇರೆ ಕಡೆ ಲೋ ಮಾಡಿಸಿದ್ದ, ಅಂದರೆ ಕಾರು ನೆಲಕ್ಕೆ ಹತ್ತಿರ ಕೂರುವಂತೆ ಇಳಿಸಿದ್ದ. "ಅಣ್ಣಾ, ಹಂಪ್ ಇಳಿಯುವಾಗ ಮುಂದೆ ಢಬ್ ಅನ್ನುತ್ತೆ. ತಿರುಗಿಸಿದರೆ ಟೈರ್ ಉಜ್ಜಿದ ವಾಸನೆ. ಒಂದಿಂಚು ಎತ್ತಿಬಿಡಿ, ಸಾಕು" ಅಂದ. ನಾನು ಎತ್ತಲಿಲ್ಲ. ಮೊದಲು ಚಕ್ರ ಬಿಚ್ಚಿದೆ.

ಲೋ ಕಾರು ಅಂದ ಕೂಡಲೇ ಎಲ್ಲರೂ ಬಗ್ಗಿ ನೆಲಕ್ಕೂ ಬಂಪರಿಗೂ ಎಷ್ಟು ಗ್ಯಾಪ್ ಇದೆ ಅಂತ ನೋಡುತ್ತಾರೆ. ನಿಂತ ಕಾರಿನಲ್ಲಿ ಅಳೆದರೆ ಅರ್ಧ ಕಥೆ ಮಾತ್ರ ಗೊತ್ತಾಗುತ್ತದೆ. ಚಕ್ರ ಪೂರ್ತಿ ಮೇಲೆ ಬಂದಾಗ ಯಾವುದಕ್ಕೆ ಯಾವುದು ತಾಗುತ್ತದೆ ಅನ್ನೋದು ಮುಖ್ಯ. ಶಾಕ್ ಅಬ್ಸಾರ್ಬರ್ ರಾಡಿನ ಮೇಲ್ತುದಿಯಲ್ಲಿ ಒಂದು ಮೆತ್ತನೆಯ ತುಂಡು ಇರುತ್ತದೆ, ಬಂಪ್ ಸ್ಟಾಪ್. ಗ್ಯಾರೇಜಿನಲ್ಲಿ ಸುಮ್ನೆ ರಬ್ಬರ್ ಅನ್ನುತ್ತೇವೆ. ಚಕ್ರ ಎದ್ದಾಗ ಎಲ್ಲಕ್ಕಿಂತ ಮೊದಲು ತಾಗಬೇಕಾದ್ದು ಅದು. ಅದಕ್ಕಿಂತ ಮುಂಚೆ ಟೈರು, ಕಬ್ಬಿಣ, ಪೈಪು, ಏನೇ ತಾಗಿದರೂ ಕೆಲಸ ಕೆಟ್ಟಿದೆ ಅಂತಲೇ ಅರ್ಥ.

ಈ ಕಾರಿನಲ್ಲಿ ಆ ರಬ್ಬರೇ ಇರಲಿಲ್ಲ. ಕಂಪನಿ ಸ್ಪ್ರಿಂಗನ್ನೇ ಒಂದೂವರೆ ಸುತ್ತು ಕತ್ತರಿಸಿ ಹಾಕಿದ್ದರು. ಕಾರು ಸುಮಾರು 40 ಮಿ.ಮೀ. ಇಳಿದಿತ್ತು. ಜಾಗ ಸಾಲದು ಅಂತ ರಬ್ಬರನ್ನೂ ಕಿತ್ತು ಬಿಸಾಕಿದ್ದರು. ಪ್ರತಿ ಹಂಪಿನಲ್ಲೂ ಶಾಕ್ ಅಬ್ಸಾರ್ಬರ್ ಒಳಗೇ ಲೋಹಕ್ಕೆ ಲೋಹ ಹೊಡೆಯುತ್ತಿತ್ತು. ಆ ಢಬ್ ಅದೇ. ಸೀಲ್ ಒಡೆದು ಎಣ್ಣೆ ಇಳಿದು ಧೂಳು ಮೆತ್ತಿಕೊಂಡಿತ್ತು.

ಸ್ಪ್ರಿಂಗ್ ಕತ್ತರಿಸುವುದು ಯಾಕೆ ತಪ್ಪು ಅಂತ ತುಂಬಾ ಜನ ಕೇಳುತ್ತಾರೆ. ಸುತ್ತು ಕಮ್ಮಿಯಾದರೆ ಸ್ಪ್ರಿಂಗ್ ಗಟ್ಟಿಯಾಗುತ್ತದೆ, ಅದು ನಿಜ. ಆದರೆ ಎಷ್ಟು ಬೇಕೋ ಅಷ್ಟೇ ಗಟ್ಟಿಯಾಗುತ್ತದೆ ಅನ್ನುವ ಗ್ಯಾರಂಟಿ ಇಲ್ಲ. ಕತ್ತರಿಸಿದ ತುದಿ ಸ್ಪ್ರಿಂಗಿನ ತಟ್ಟೆಯಲ್ಲಿ ಸರಿಯಾಗಿ ಕೂರುವುದಿಲ್ಲ. ಚಕ್ರ ಗಾಳಿಯಲ್ಲಿ ತೂಗಿದಾಗ ಸ್ಪ್ರಿಂಗ್ ಸಡಿಲವಾಗಿ ಜಾಗ ಬಿಟ್ಟು ಸರಿಯಬಹುದು. ಗ್ಯಾಸಿನಲ್ಲಿ ಕಾಯಿಸಿ ಕೂರಿಸುವುದಂತೂ ಇನ್ನೂ ಕೆಟ್ಟದ್ದು. ಉಕ್ಕಿನ ಹದವೇ ಹೋಗಿಬಿಡುತ್ತದೆ. ಇವೆರಡನ್ನೂ ನಾನು ಎಷ್ಟು ದುಡ್ಡು ಕೊಟ್ಟರೂ ಮಾಡುವುದಿಲ್ಲ.

ಟೈರ್ ಎಲ್ಲಿ ಉಜ್ಜುತ್ತಿದೆ ಅಂತ ಊಹಿಸಬೇಡಿ, ಹುಡುಕಿ. ನಾನು ಮಾಡುವ ವಿಧಾನ ಹೀಗೆ. ಕಾರನ್ನು ಸ್ಟ್ಯಾಂಡ್ ಮೇಲೆ ನಿಲ್ಲಿಸಿ, ಸ್ಪ್ರಿಂಗನ್ನು ಒತ್ತಿ ಹಿಡಿಯುವ ಕಂಪ್ರೆಸರ್ ಹಾಕಿಯೇ ಅದನ್ನು ಬಿಚ್ಚುತ್ತೇನೆ. ಒತ್ತಿದ ಸ್ಪ್ರಿಂಗ್ ಹಾರಿದರೆ ಜೀವಕ್ಕೇ ಅಪಾಯ, ಅದರ ಎದುರು ಮುಖ ಇಡಬೇಡಿ. ಆಮೇಲೆ ರಬ್ಬರ್ ಸಮೇತ, ಸ್ಪ್ರಿಂಗ್ ಇಲ್ಲದೆ ಸ್ಟ್ರಟ್ (ಮುಂದಿನ ಶಾಕ್ ಅಬ್ಸಾರ್ಬರಿನ ಜೋಡಣೆ) ಮತ್ತೆ ಕಟ್ಟಿ ಚಕ್ರ ಹಾಕುತ್ತೇನೆ. ಈಗ ಜಾಕಿನಿಂದ ಚಕ್ರವನ್ನು ಬೇಕಾದಂತೆ ಏರಿಸಿ ಇಳಿಸಬಹುದು. ಮಕ್ಕಳು ಆಡುವ ಬಣ್ಣದ ಜೇಡಿಮಣ್ಣನ್ನು ಗೋಲಿ ಗಾತ್ರ ಮಾಡಿ ಫೆಂಡರಿನ (ಚಕ್ರದ ಮೇಲಿನ ತಗಡು) ಅಂಚಿಗೆ, ಅದರ ಒಳಗಿನ ಪ್ಲಾಸ್ಟಿಕ್ ಲೈನರಿಗೆ, ಸ್ಟ್ರಟ್ಟಿಗೆ ಅಂಟಿಸುತ್ತೇನೆ. ಚಕ್ರ ಮೇಲೆತ್ತಿ ಸ್ಟೇರಿಂಗನ್ನು ಈ ಕೊನೆಯಿಂದ ಆ ಕೊನೆಗೆ ತಿರುಗಿಸುತ್ತೇನೆ. ಚಪ್ಪಟೆಯಾದ ಜೇಡಿ ಎಷ್ಟು ದಪ್ಪ ಉಳಿದಿದೆಯೋ ಅಷ್ಟೇ ಅಲ್ಲಿ ಇರುವ ಜಾಗ.

ನೇರವಾಗಿ ಮಾತ್ರ ನೋಡಿದರೆ ಸಾಲದು. ಅಪಾರ್ಟ್‌ಮೆಂಟಿನ ಬೇಸ್‌ಮೆಂಟ್ ರ್‍ಯಾಂಪಿನಲ್ಲಿ ಒಂದು ಚಕ್ರ ಮೇಲೆ ಒತ್ತಿರುತ್ತದೆ, ಸ್ಟೇರಿಂಗೂ ಪೂರ್ತಿ ತಿರುಗಿರುತ್ತದೆ. ಉಜ್ಜುವುದು ಆಗಲೇ ಜಾಸ್ತಿ.

ಈ ಹುಡುಗನ ಕಾರಿನಲ್ಲಿ ಎರಡು ಕಡೆ ಜೇಡಿ ಕಾಗದದಷ್ಟು ತೆಳ್ಳಗಾಗಿತ್ತು. ಒಂದು, ಫೆಂಡರಿನ ಒಳಮಡಿಕೆ. ಇನ್ನೊಂದು, ಲೈನರ್ ಹಿಡಿದಿರುವ ಒಂದು ಸ್ಕ್ರೂ. ಆ ಸ್ಕ್ರೂ ಟೈರಿನ ಮೇಲೆ ಗೆರೆ ಕೊರೆದಿತ್ತು. ಅವನು 205/45 ಆರ್17 ಟೈರ್ ಹಾಕಿಸಿದ್ದ. ಮೊದಲ ಅಂಕಿ ಟೈರಿನ ಅಗಲ, ಮಿ.ಮೀ.ನಲ್ಲಿ. ಸಿಟಿಯ 16 ಇಂಚಿನ ರಿಮ್ಮಿಗೆ ಬರುವ 185/55 ಆರ್16 ಟೈರಿನ ಎತ್ತರ 610 ಮಿ.ಮೀ., ಇದರದು 616. ಎತ್ತರದ ವ್ಯತ್ಯಾಸ ಸಣ್ಣದು. ಆದರೆ ಅಗಲ 20 ಮಿ.ಮೀ. ಜಾಸ್ತಿ, ಮೇಲಾಗಿ ರಿಮ್ಮಿನ ಆಫ್‌ಸೆಟ್ ಕಮ್ಮಿ. ಆಫ್‌ಸೆಟ್ ಅಂದರೆ ರಿಮ್ಮಿನ ನಡುಗೆರೆಯಿಂದ ಅದು ಹಬ್ಬಿಗೆ ಕೂರುವ ಮುಖ ಎಷ್ಟು ಮಿ.ಮೀ. ಹೊರಗಿದೆ ಅನ್ನುವ ಅಳತೆ. ಆಫ್‌ಸೆಟ್ 45ರ ಬದಲು 35 ಹಾಕಿದರೆ ಚಕ್ರ 10 ಮಿ.ಮೀ. ಹೊರಗೆ ಬಂತು ಅಂತ ಲೆಕ್ಕ. ಕಾರು ಎತ್ತಿದರೆ ಈ ತೊಂದರೆ ಮರೆಯಾಗುತ್ತದೆ, ಹೋಗುವುದಿಲ್ಲ. ನಾಲ್ಕು ಜನ ಕೂತ ದಿನ ವಾಪಸ್ ಬರುತ್ತದೆ.

ಹಂಪಿನ ಲೆಕ್ಕವನ್ನೂ ಅವನಿಗೆ ಚಾಕ್‌ಪೀಸಿನಲ್ಲಿ ಬರೆದು ತೋರಿಸಿದೆ. ರಸ್ತೆಗಳಿಗೆ ಅಳತೆ ಗೊತ್ತು ಮಾಡುವ ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಪ್ರಕಾರ ಹಂಪ್ ಗಾಡಿ ಹೋಗುವ ದಿಕ್ಕಿನಲ್ಲಿ 3.7 ಮೀಟರ್ ಅಗಲ, ನಡುವೆ 10 ಸೆಂ.ಮೀ. ಎತ್ತರ ಇರಬೇಕು. ಸಿಟಿಯ ಎರಡು ಆಕ್ಸಲ್ ನಡುವೆ 2.6 ಮೀಟರ್. ಅಂದರೆ ನಾಲ್ಕೂ ಚಕ್ರ ಹಂಪಿನ ಮೇಲೇ ಇರುವಾಗ ಕಾರಿನ ಹೊಟ್ಟೆಯ ಕೆಳಗೆ ಏಳುವುದು 5 ಸೆಂ.ಮೀ. ಅಷ್ಟೇ. ನೆಲಕ್ಕೂ ಹೊಟ್ಟೆಗೂ ಕಂಪನಿಯಿಂದ 165 ಮಿ.ಮೀ. ಇದ್ದದ್ದು 40 ಇಳಿಸಿದರೆ 125. ಹಂಪಿನ 50 ಕಳೆದರೆ ಖಾಲಿ ಕಾರಿಗೆ ಇನ್ನೂ 75 ಮಿ.ಮೀ. ಉಳಿಯಿತು. ಅಳತೆಗೆ ಕಟ್ಟಿದ ಹಂಪು ಲೋ ಕಾರಿಗೂ ತೊಂದರೆ ಕೊಡುವುದಿಲ್ಲ. ಗಲ್ಲಿಗಳಲ್ಲಿ ರಾತ್ರೋರಾತ್ರಿ ಏಳುವ ಕಿರಿದಾದ ಹಂಪ್ ಬೇರೆ ವಿಷಯ. ಅದು 15 ಸೆಂ.ಮೀ. ಎತ್ತರ ಇದ್ದರೆ ಅಷ್ಟೂ ಹೊಟ್ಟೆಯ ಕೆಳಗೇ ಬರುತ್ತದೆ. 125ರ ಕಾರು ಖಂಡಿತ ತಾಗುತ್ತದೆ. ಅದಕ್ಕೆ ಸಸ್ಪೆನ್ಷನ್ನಿನಲ್ಲಿ ಮದ್ದಿಲ್ಲ, ಆ ದಾರಿ ಬಿಡಬೇಕು, ಇಲ್ಲ ಇಳಿಸುವುದನ್ನು ಕಮ್ಮಿ ಮಾಡಬೇಕು.

ಕಾನೂನಿನ ಮಾತನ್ನೂ ಮುಚ್ಚಿಡಲಿಲ್ಲ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ತಯಾರಕರು ಕೊಟ್ಟ ಮೂಲ ವಿವರಕ್ಕೆ ವಿರುದ್ಧವಾಗಿ ಗಾಡಿ ಬದಲಿಸುವಂತಿಲ್ಲ. ಸುಪ್ರೀಂ ಕೋರ್ಟ್ 2019ರಲ್ಲಿ ಕೇರಳದ ಪ್ರಕರಣವೊಂದರಲ್ಲಿ ಅದನ್ನೇ ಗಟ್ಟಿಯಾಗಿ ಹೇಳಿದೆ. "ಕಂಪನಿ ಸೆಟ್ಟಿಂಗಿಗೇ ವಾಪಸ್ ಹೋಗೋಣ, ಅದೇ ಒಳ್ಳೇದು" ಅಂದೆ. ಅವನು ಅರ್ಧ ದಿನ ಯೋಚನೆ ಮಾಡಿ ಒಪ್ಪಿದ. ರಿಮ್ ಮಾತ್ರ ಬಿಡಲ್ಲ ಅಂದ. ಹೊಸ ರಿಮ್ಮಿಗೆ ದುಡ್ಡಿಲ್ಲ ಅಂತ ಮುಖದಲ್ಲೇ ಕಾಣುತ್ತಿತ್ತು.

ಹೊಸ ಶಾಕ್ ಅಬ್ಸಾರ್ಬರ್, ಕಂಪನಿ ಸ್ಪ್ರಿಂಗ್, ಹೊಸ ರಬ್ಬರ್ ಬಂತು. ರಬ್ಬರ್ ಮೇಲೆ 6 ಮಿ.ಮೀ. ದಪ್ಪದ ಬಿಲ್ಲೆ, ಅಂದರೆ ಪ್ಯಾಕರ್ ಇಟ್ಟೆ. ರಬ್ಬರ್ ಆರು ಮಿ.ಮೀ. ಮುಂಚೆ ತಾಗುತ್ತದೆ, ಚಕ್ರ ಅಷ್ಟು ಕಮ್ಮಿ ಏರುತ್ತದೆ. ಇದು ಬರೀ ಪುಡಿಗಾಸಿನ ಸಾಮಾನು. ಫೆಂಡರಿನ ಮಡಿಕೆಯನ್ನು ಹೀಟ್ ಗನ್ನಿನಲ್ಲಿ ಬಿಸಿ ಮಾಡುತ್ತಾ ನಿಧಾನಕ್ಕೆ ರೋಲ್ ಮಾಡಿದೆ. ತಣ್ಣಗಿದ್ದಾಗ ಮಡಿಸಿದರೆ ಬಣ್ಣ ಬಿರುಕು ಬಿಡುತ್ತದೆ. ಒಳಗಡೆ ಸೀಲೆಂಟ್ ಬಳಿಯಲೇಬೇಕು, ಇಲ್ಲದಿದ್ದರೆ ಅಲ್ಲಿಂದಲೇ ತುಕ್ಕು ಶುರು. ಮಂಗಳೂರು, ಕಾರವಾರದ ಕಡೆಯವರು ಇದನ್ನು ಮರೆಯಬಾರದು. ಸ್ಕ್ರೂ ತೆಗೆದು ಚಪ್ಪಟೆ ತಲೆಯ ಕ್ಲಿಪ್ ಹಾಕಿದೆ. ಬ್ರೇಕ್ ಹೋಸ್, ಎಬಿಎಸ್ ವೈರ್ ಎಳೆಯುತ್ತಿಲ್ಲ ಅಂತ ನೋಡಿಕೊಂಡೆ.

ಒಂದು ಕೆಲಸವನ್ನು ತುಂಬಾ ಕಡೆ ತಪ್ಪು ಮಾಡುತ್ತಾರೆ. ಚಕ್ರವನ್ನು ಕೆಳಗಿನಿಂದ ಹಿಡಿಯುವ ಲೋವರ್ ಆರ್ಮಿನ ಬುಷ್‌ (ಕೀಲಿನಲ್ಲಿರುವ ರಬ್ಬರ್ ತುಂಡು) ಬೋಲ್ಟನ್ನು ಚಕ್ರ ತೂಗುತ್ತಿರುವಾಗಲೇ ಪೂರ್ತಿ ಬಿಗಿ ಮಾಡಿಬಿಡುತ್ತಾರೆ. ಕಾರು ಕೆಳಗಿಳಿದ ಕೂಡಲೇ ಬುಷ್ ತಿರುಚಿಕೊಳ್ಳುತ್ತದೆ. ಬೇಗ ಹರಿಯುತ್ತದೆ. ಬೋಲ್ಟ್ ಸಡಿಲ ಇಟ್ಟು, ಕಾರಿನ ಭಾರ ಚಕ್ರದ ಮೇಲೆ ಬಿದ್ದ ಮೇಲೆ ಬಿಗಿ ಮಾಡಬೇಕು.

ಕೊನೆಗೆ ಡಸ್ಟ್ ಕವರ್ ಮೇಲೆ ಸರಿಸಿ ಶಾಕ್ ರಾಡಿಗೆ ಒಂದು ಸಣ್ಣ ಕೇಬಲ್ ಟೈ ಕಟ್ಟಿದೆ. ಫೆಂಡರ್ ಒಳಗೆ ಚಾಕ್‌ಪೀಸಿನಿಂದ ದಪ್ಪ ಗೆರೆ ಎಳೆದೆ. ಹಿಂದೆ ಇಬ್ಬರು ಹುಡುಗರನ್ನು ಕೂರಿಸಿಕೊಂಡು, ಪಕ್ಕದಲ್ಲಿ ಅವನನ್ನೂ ಕೂರಿಸಿಕೊಂಡು, ನಮ್ಮ ಬೀದಿಯ ಮೂರು ಹಂಪ್ ದಾಟಿ, ಎದುರಿನ ಅಪಾರ್ಟ್‌ಮೆಂಟ್ ರ್‍ಯಾಂಪ್ ಹತ್ತಿ ಇಳಿದೆ. ವಾಪಸ್ ಬಂದು ಟಾರ್ಚ್ ಹಿಡಿದೆ. ಟೈ ಮೇಲೆ ಸರಿದು ರಬ್ಬರಿನ ಅಡಿಗೆ ಅಂಟಿಕೊಂಡಿತ್ತು. ಚಾಕ್ ಗೆರೆ ಹಾಗೇ ಇತ್ತು, ಒಂದು ಕಡೆಯೂ ಅಳಿಸಿರಲಿಲ್ಲ. ಅಂದರೆ ರಬ್ಬರ್ ತಾಗಿದೆ, ಟೈರ್ ತಾಗಿಲ್ಲ.

"ಒಂದು ವಾರ ಓಡಿಸಪ್ಪ, ಸ್ಪ್ರಿಂಗ್ ಕೂರಲಿ. ಆಮೇಲೆ ಅಲೈನ್‌ಮೆಂಟ್‌ಗೆ ಬಾ, ಹೆಡ್‌ಲೈಟ್ ಎತ್ತರವನ್ನೂ ಆಗಲೇ ಸರಿ ಮಾಡೋಣ" ಅಂದು ಕೀ ಕೊಟ್ಟೆ.