ಪೆನ್‌ಡ್ರೈವ್‌ಗೆ ಫೈಲ್ ಹೋಗ್ತಿಲ್ವಾ? ಫಾರ್ಮ್ಯಾಟ್ ಮಾಡುವ ಮುಂಚೆ ಓದಿ

ಪೆನ್‌ಡ್ರೈವ್ ತಕರಾರು ಮಾಡಿದರೆ ಅಕ್ಕಪಕ್ಕದವರು ಹೇಳುವುದು ಒಂದೇ ಮಾತು: "ಫಾರ್ಮ್ಯಾಟ್ ಹೊಡಿ". ಹೊಡೆದರೆ ಇದ್ದ ಡೇಟಾ ಹೋಗುತ್ತದೆ, ಎಷ್ಟೋ ಸಲ ಎರರ್ ಹಾಗೇ ಉಳಿಯುತ್ತದೆ. ತೊಂದರೆ ಫೈಲ್ ಸಿಸ್ಟಮ್‌ನಲ್ಲಿ (ಡ್ರೈವ್‌ನಲ್ಲಿ ಫೈಲ್‌ಗಳನ್ನು ಜೋಡಿಸಿಡುವ ಪದ್ಧತಿ) ಇರಬಹುದು, ಕಂಪ್ಯೂಟರ್‌ನ ಸೆಟ್ಟಿಂಗ್‌ನಲ್ಲಿ ಇರಬಹುದು, ಇಲ್ಲ ಚಿಪ್‌ನಲ್ಲೇ ಇರಬಹುದು. ಎಲ್ಲಿದೆ ಅಂತ ಎರರ್ ಮೆಸೇಜೇ ಸುಮಾರಾಗಿ ಹೇಳಿಬಿಡುತ್ತದೆ. ಓದದೆ ಸುಮ್ನೆ ಓಕೆ ಒತ್ತಬೇಡಿ.

25 ಜಿಬಿ ಖಾಲಿ ಇದೆ, 5 ಜಿಬಿ ಫೈಲ್ ಹೋಗ್ತಿಲ್ಲ, "ಫೈಲ್ ಟೂ ಲಾರ್ಜ್" ಅನ್ನುತ್ತಿದೆ. ಇದು ಫ್ಯಾಟ್32 ಅನ್ನುವ ಹಳೆಯ ಫೈಲ್ ಸಿಸ್ಟಮ್‌ನ ಮಿತಿ, ಡ್ರೈವ್ ಕೆಟ್ಟಿಲ್ಲ. ಫ್ಯಾಟ್32 ಪ್ರತಿ ಫೈಲಿನ ಉದ್ದವನ್ನು 32 ಬಿಟ್‌ನಲ್ಲಿ ಬರೆದಿಡುತ್ತದೆ. ಅದರಲ್ಲಿ ಹಿಡಿಸುವ ಅತಿ ದೊಡ್ಡ ಸಂಖ್ಯೆ 4,29,49,67,295. ಅಷ್ಟು ಬೈಟ್, ಅಂದರೆ 4 ಜಿಬಿಗೆ ಒಂದು ಬೈಟ್ ಕಡಿಮೆ. ಡೇಟಾ ಬೇರೆ ಕಡೆ ಇಟ್ಟು ಈ ಮಿತಿ ಇಲ್ಲದ ಎಕ್ಸ್‌ಫ್ಯಾಟ್ ಫೈಲ್ ಸಿಸ್ಟಮ್‌ಗೆ ಫಾರ್ಮ್ಯಾಟ್ ಮಾಡಿದರೆ ಸಾಕು. ಇಲ್ಲಿ ಮಾತ್ರ ಫಾರ್ಮ್ಯಾಟ್ ಸರಿಯಾದ ಮದ್ದು. ವಿಂಡೋಸ್‌ನ ಎನ್‌ಟಿಎಫ್‌ಎಸ್ ಕೂಡ ಆಗುತ್ತದೆ, ಆದರೆ ಮ್ಯಾಕ್ ಅದನ್ನು ಓದುತ್ತದೆಯೇ ಹೊರತು ತಾನಾಗಿ ಬರೆಯುವುದಿಲ್ಲ. ಹಳೆಯ ಟಿವಿ, ಕಾರ್ ಸ್ಟೀರಿಯೊಗಳಲ್ಲಿ ಹಲವಕ್ಕೆ ಫ್ಯಾಟ್32 ಬಿಟ್ಟು ಬೇರೆ ಗೊತ್ತಿಲ್ಲ. ಅಂಥ ಕಡೆ ಫೈಲನ್ನೇ ತುಂಡು ಮಾಡಿ.

ಫ್ಯಾಟ್32ಗೆ ಇನ್ನೊಂದು ಮಿತಿ ಇದೆ, ಕನ್ನಡದಲ್ಲಿ ಹೆಸರಿಡುವವರಿಗೆ ಬೇಗ ತಟ್ಟುತ್ತದೆ. ಒಂದು ಫೋಲ್ಡರಿನ ಪಟ್ಟಿಯಲ್ಲಿ 65,536 ಎಂಟ್ರಿ, ಅಂದರೆ ಸಾಲು, ಅಷ್ಟೇ. ಉದ್ದ ಹೆಸರಿನ ಪ್ರತಿ 13 ಅಕ್ಷರಕ್ಕೆ ಒಂದು ಎಂಟ್ರಿ, ಮೇಲೆ ಫೈಲಿನದೇ ಒಂದು. "ಮೈಸೂರು ದಸರಾ" ನಮ್ಮ ಕಣ್ಣಿಗೆ ಆರು ಅಕ್ಷರ. ಕಂಪ್ಯೂಟರ್ ಗುಣಿತದ ಚಿಹ್ನೆ, ನಡುವಿನ ಜಾಗ ಎಲ್ಲ ಸೇರಿಸಿ 11 ಎಣಿಸುತ್ತದೆ. ಚುಕ್ಕೆ, ಜೆಪಿಜಿ ಸೇರಿದರೆ 15. ಅಲ್ಲಿಗೆ ಒಂದು ಫೋಟೊಗೆ ಮೂರು ಎಂಟ್ರಿ! ಅಂಥ ಫೋಟೊ 21,800ರ ಆಸುಪಾಸು ಸೇರುವಷ್ಟರಲ್ಲಿ ಜಾಗ ಇದ್ದರೂ ಕಾಪಿ ನಿಲ್ಲುತ್ತದೆ. ಇನ್ನೊಂದು ಫೋಲ್ಡರ್ ಮಾಡಿ, ಮುಗೀತು.

"ಡಿಸ್ಕ್ ರೈಟ್ ಪ್ರೊಟೆಕ್ಟೆಡ್" ಅಂದರೆ ಮೊದಲು ಪಕ್ಕದಲ್ಲಿ ಪುಟ್ಟ ಸ್ವಿಚ್ ಇದೆಯಾ ನೋಡಿ. ಇಲ್ಲದಿದ್ದರೆ ಬೇರೆ ಕಂಪ್ಯೂಟರ್‌ಗೆ ಚುಚ್ಚಿ. ಅಲ್ಲಿ ಬರೆದರೆ ತೊಂದರೆ ನಿಮ್ಮ ಕಂಪ್ಯೂಟರಿನದು. ಆಫೀಸು, ಕಾಲೇಜು ಲ್ಯಾಬ್‌ಗಳಲ್ಲಿ ಬೇಕಂತಲೇ ಬೀಗ ಹಾಕಿರುತ್ತಾರೆ, ಅಡ್ಮಿನ್ ಅವರನ್ನೇ ಕೇಳಿ. ಎಲ್ಲಾ ಕಡೆ ಅದೇ ಮೆಸೇಜ್ ಬಂದರೆ ವಿಂಡೋಸ್‌ನಲ್ಲಿ ಡಿಸ್ಕ್‌ಪಾರ್ಟ್ ಅನ್ನುವ ಕಮಾಂಡ್ ಟೂಲ್ ತೆರೆದು, ಡ್ರೈವ್ ಆರಿಸಿ, "ಆಟ್ರಿಬ್ಯೂಟ್ಸ್ ಡಿಸ್ಕ್ ಕ್ಲಿಯರ್ ರೀಡ್‌ಓನ್ಲಿ" ಕೊಡಿ. ಆರಿಸುವಾಗ ಜಿಬಿ ಅಳತೆ ನೋಡಿಯೇ ಆರಿಸಿ. ಅಲ್ಲೇ ಇರುವ "ಕ್ಲೀನ್" ಕಮಾಂಡನ್ನು ತಪ್ಪು ಡಿಸ್ಕ್‌ಗೆ ಕೊಟ್ಟರೆ ಹಾರ್ಡ್‌ಡಿಸ್ಕ್ ಪಾರ್ಟಿಷನ್‌ಗಳೇ ಮಾಯ.

ಲಿನಕ್ಸ್‌ನ ಕಥೆ ಸ್ವಲ್ಪ ಬೇರೆ. ಹಿಂದೊಮ್ಮೆ ಎಜೆಕ್ಟ್ ಮಾಡದೆ ಕಿತ್ತಿದ್ದರೆ ಯಾವ ಫೈಲ್ ಎಲ್ಲಿದೆ ಅಂತ ಬರೆದಿಡುವ ಫ್ಯಾಟ್ ಕೋಷ್ಟಕ ಹಾಳಾಗಿರಬಹುದು. ಬರೆಯುವಾಗ ಕರ್ನಲ್‌ಗೆ (ಲಿನಕ್ಸ್‌ನ ತಿರುಳು) ಅದು ಕಂಡರೆ ಡ್ರೈವನ್ನು ತಾನೇ ರೀಡ್‌ಓನ್ಲಿ ಮಾಡಿಬಿಡುತ್ತದೆ. ಕರ್ನಲ್ ಮೆಸೇಜ್‌ಗಳನ್ನು ತೋರಿಸುವ ಡಿಮೆಸೇಜ್ ಕಮಾಂಡಿನ ಕೊನೆಯ ಸಾಲುಗಳಲ್ಲಿ ಇದು ಸಿಗುತ್ತದೆ. ಅನ್‌ಮೌಂಟ್ ಮಾಡಿ, ಫೈಲ್ ಸಿಸ್ಟಮ್ ರಿಪೇರಿ ಮಾಡುವ ಎಫ್‌ಎಸ್‌ಸಿಕೆ ಓಡಿಸಿ. ವಿಂಡೋಸ್‌ನಲ್ಲಿ ಈ ಕೆಲಸಕ್ಕೆ ಚೆಕ್‌ಡಿಸ್ಕ್ ಇದೆ.

ಇಷ್ಟಕ್ಕೂ ಬಗ್ಗದಿದ್ದರೆ ಅನುಮಾನ ಚಿಪ್ ಮೇಲೆ. ಪೆನ್‌ಡ್ರೈವ್ ಒಳಗಿನ ಫ್ಲ್ಯಾಶ್ ಚಿಪ್‌ನಲ್ಲಿ ಬರೆದದ್ದರ ಮೇಲೆ ನೇರವಾಗಿ ಮತ್ತೆ ಬರೆಯಲಾಗದು. ಇಡೀ ಬ್ಲಾಕ್ ಅಳಿಸಬೇಕು, ಅಳಿಸಿದಷ್ಟೂ ಅದು ಸವೆಯುತ್ತದೆ. ಸವೆದ ಬ್ಲಾಕ್ ಬದಲಿಗೆ ಕಂಟ್ರೋಲರ್ (ಫ್ಲ್ಯಾಶ್ ನಿಭಾಯಿಸುವ ಚಿಪ್) ಮೀಸಲು ಬ್ಲಾಕ್ ಕೊಡುತ್ತಾ ಬರುತ್ತದೆ. ಮೀಸಲು ಖಾಲಿಯಾದಾಗ ಹಲವು ಕಂಟ್ರೋಲರ್‌ಗಳು ಬರೆಯುವುದನ್ನೇ ನಿಲ್ಲಿಸಿಬಿಡುತ್ತವೆ. ಗುರುತು ಸುಲಭ: ಅಳಿಸಿದ ಫೈಲ್, ಡ್ರೈವ್ ಕಿತ್ತು ಮತ್ತೆ ಚುಚ್ಚಿದರೆ ಅಲ್ಲೇ ಕೂತಿರುತ್ತದೆ. ರಿಪೇರಿ ಟೂಲ್ ಹುಡುಕುತ್ತಾ ಕೂರಬೇಡಿ. ಓದೋಕೆ ಆಗುವಾಗಲೇ ಎಲ್ಲವನ್ನೂ ಬೇರೆ ಕಡೆ ಕಾಪಿ ಮಾಡಿಕೊಳ್ಳಿ.

ಎರರ್ರೇ ಬರದೆ ಕೈಕೊಡುವ ಜಾತಿಯೂ ಒಂದಿದೆ: ನಕಲಿ ಡ್ರೈವ್. ಒಳಗೆ ಇರುವುದು 16 ಜಿಬಿ ಚಿಪ್, ಕಂಟ್ರೋಲರ್ ಹೇಳುವುದು 512. ಕಾಪಿ ಸಲೀಸಾಗಿ ಮುಗಿಯುತ್ತದೆ, ತೆರೆದರೆ ಫೈಲ್‌ನಲ್ಲಿ ಕಸ. ಕಡಿಮೆ ಬೆಲೆಗೆ ಜಾಸ್ತಿ ಜಿಬಿ ಸಿಕ್ಕಿದ್ದರೆ ಲಿನಕ್ಸ್‌ನಲ್ಲಿ ಎಫ್3, ವಿಂಡೋಸ್‌ನಲ್ಲಿ ಎಚ್2ಟೆಸ್ಟ್‌ಡಬ್ಲ್ಯೂ ಅನ್ನುವ ಟೂಲ್ ಓಡಿಸಿ. ಇವು ಡ್ರೈವ್ ಪೂರ್ತಿ ತುಂಬಿಸಿ, ತುಂಬಿದ್ದನ್ನು ಮತ್ತೆ ಓದಿ ತಾಳೆ ನೋಡುತ್ತವೆ. ದೊಡ್ಡ ಡ್ರೈವ್ ಆದರೆ ಗಂಟೆಗಟ್ಟಲೆ ಹಿಡಿಯುತ್ತದೆ. ಅದಕ್ಕೇ ಕೊಂಡ ದಿನವೇ, ಡ್ರೈವ್ ಖಾಲಿ ಇದ್ದು ಬಿಲ್ ಕೈಯಲ್ಲಿರುವಾಗಲೇ ಮಾಡಿಬಿಡಿ.