ಗೋಡೆಗೆ ನೇತುಹಾಕಿದ ನಂಬರು

ವಾರಕ್ಕೊಂದಾದರೂ ಫೋನು ಬರುತ್ತದೆ. "ಡಾಕ್ಟ್ರೇ, ಪೆಟ್ ಕ್ಲಿನಿಕ್ ತೆಗೀಬೇಕು ಅಂತಿದೀವಿ. ಪರ್ಮಿಷನ್ ಯಾವ ಆಫೀಸಲ್ಲಿ ಕೊಡ್ತಾರೆ?" ಕೇಳುವವರಲ್ಲಿ ಎರಡು ಬಗೆ. ಹೆಬ್ಬಾಳದಲ್ಲೋ ನಮ್ಮ ಶಿವಮೊಗ್ಗದಲ್ಲೋ ಪಶುವೈದ್ಯ ಪದವಿ ಬಿವಿಎಸ್ಸಿ ಮುಗಿಸಿದ ಹುಡುಗ ಹುಡುಗಿಯರು ಒಂದು. ನಾಯಿ ಸಾಕಿ, ಅದರ ಮೇಲಿನ ಪ್ರೀತಿ ಉಕ್ಕಿ, ಕೈಯಲ್ಲಿ ನಾಲ್ಕು ಕಾಸೂ ಓಡಾಡುತ್ತಿರುವವರು ಇನ್ನೊಂದು. ಇಬ್ಬರಿಗೂ ನಾನು ಹೇಳುವುದು ಒಂದೇ: ಅಂಥದ್ದೊಂದು ಆಫೀಸು ಇಲ್ಲ. ಕೆಲವರು ಇದನ್ನು ಕೇಳಿ ಖುಷಿಪಡುತ್ತಾರೆ. ಹಲವರು ನಾನೇನೋ ಮುಚ್ಚಿಡುತ್ತಿದ್ದೇನೆ ಅಂದುಕೊಳ್ಳುತ್ತಾರೆ.

ಅವರ ತಪ್ಪಲ್ಲ. ಮನುಷ್ಯರ ಆಸ್ಪತ್ರೆಗಳಿಗೆ ಕರ್ನಾಟಕದಲ್ಲಿ 2007ರ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ ಇದೆ. ಆ ಕಾಯ್ದೆಯ ಪ್ರಕಾರದ ನೋಂದಣಿ, ಅಂದರೆ ಕೆಪಿಎಂಇ ನೋಂದಣಿ, ಇಲ್ಲದೆ ಬಾಗಿಲು ತೆಗೆಯುವಂತಿಲ್ಲ. ಅದನ್ನು ನೋಡಿದವರು ನಮಗೂ ಅದೇ ಇರಬೇಕೆಂದು ಜಿಲ್ಲಾ ಆರೋಗ್ಯಾಧಿಕಾರಿಗಳ ಕಚೇರಿಗೆ ಅರ್ಜಿ ಹಿಡಿದು ಹೋಗಿ, ಇದು ಇಲ್ಲಿಗೆ ಬರಲ್ಲ ಅನ್ನಿಸಿಕೊಂಡು ವಾಪಸಾಗುತ್ತಾರೆ. ಹಾಗೆ ವಾಪಸಾದ ಮೇಲೆ ಕಣ್ಣು ಬೀಳುವುದು ವೆಟರ್ನರಿ ಕೌನ್ಸಿಲ್ ಕೊಟ್ಟ ಪ್ರಮಾಣಪತ್ರದ ಮೇಲೆ. ಅದರಲ್ಲಿ ಮೊಹರಿದೆ, ನೋಂದಣಿ ನಂಬರಿದೆ. ಫ್ರೇಮು ಹಾಕಿಸಿ ಗೋಡೆಗೆ ನೇತುಹಾಕಿದರೆ ಮುಗೀತು, ಇದೇ ಕ್ಲಿನಿಕ್ಕಿನ ಲೈಸೆನ್ಸು!

ನನ್ನ ತಲೆ ಕೆಡುವುದು ಇಲ್ಲಿಯೇ. ಆ ನಂಬರು ಕ್ಲಿನಿಕ್ಕಿನದಲ್ಲ. ಡಾಕ್ಟರದು, ಆ ಒಬ್ಬ ಡಾಕ್ಟರದು ಮಾತ್ರ. ಅವರು ಊಟಕ್ಕೆ ಮನೆಗೆ ಹೋದರೆ ನಂಬರೂ ಊಟಕ್ಕೆ ಹೋಯಿತು. ಗೋಡೆಯ ಮೇಲೆ ಉಳಿದದ್ದು ಗಾಜು ಮತ್ತು ಕಾಗದ.

ಕಳೆದ ವರ್ಷ ಒಬ್ಬರು ಬಂದಿದ್ದರು, ಅಡಿಕೆ ವ್ಯಾಪಾರಸ್ಥರು. ಹೊಸ ಬಡಾವಣೆಯಲ್ಲಿ ಮಳಿಗೆ ಹಿಡಿದಾಗಿತ್ತು, ಅಡ್ವಾನ್ಸ್ ಕೊಟ್ಟಾಗಿತ್ತು, ಸ್ಟೀಲಿನ ಟೇಬಲ್ ಮಾಡಿಸಿ ಅದರ ಅಂಚು ನಾಯಿಯ ಕಾಲಿಗೆ ತಾಗಬಾರದೆಂದು ರಬ್ಬರ್ ಪಟ್ಟಿ ಬೇರೆ ಹೊಡೆಸಿದ್ದರು. ಫೋನಲ್ಲಿ ಫೋಟೋ ತೋರಿಸಿ, ಕೊನೆಗೆ ದನಿ ತಗ್ಗಿಸಿ ಅಂದರು: "ಸಾರ್, ನಿಮ್ಮ ನಂಬರ್ ಒಂದು ಕೊಡಿ. ನೀವು ಬರೋದೂ ಬೇಡ. ತಿಂಗಳು ತಿಂಗಳು ಇಷ್ಟು ಅಂತ ಮನೆಗೇ ತಲುಪಿಸ್ತೀನಿ. ಇಂಜೆಕ್ಷನ್ ಕೊಡೋಕೆ ಹತ್ತು ವರ್ಷ ಅನುಭವ ಇರೋ ಹುಡುಗ ಇದಾನೆ."

ಬೈದು ಕಳಿಸಬೇಕೆಂದು ಬಾಯಿ ತೆರೆದವನು ಸುಮ್ಮನಾದೆ. ಅವರ ಮನೆಯ ಲ್ಯಾಬ್ರಡಾರ್ ಮರಿ ಪಾರ್ವೊ ವೈರಸ್ ರೋಗ ಬಂದು ಒಂದು ಭಾನುವಾರ ರಾತ್ರಿ ಸತ್ತಿತ್ತು. ಅವರು ಫೋನು ಮಾಡಿದ ಡಾಕ್ಟರುಗಳಲ್ಲಿ ನಾನೂ ಒಬ್ಬ, ನಾನು ಎತ್ತಿರಲಿಲ್ಲ.

ಕಾಯ್ದೆ ಏನು ಹೇಳುತ್ತದೆ ಅನ್ನುವುದನ್ನು ಅವರಿಗೆ ಹೇಳಿದಷ್ಟೇ ನಿಧಾನವಾಗಿ ಇಲ್ಲೂ ಹೇಳುತ್ತೇನೆ. 1984ರ ಭಾರತೀಯ ಪಶುವೈದ್ಯಕೀಯ ಪರಿಷತ್ತಿನ ಕಾಯ್ದೆಯ 30ನೇ ಸೆಕ್ಷನ್ ಪ್ರಕಾರ ನೋಂದಾಯಿತ ಪಶುವೈದ್ಯರಲ್ಲದವರು ಪಶುವೈದ್ಯಕೀಯ ವೃತ್ತಿ ಮಾಡುವಂತಿಲ್ಲ, ಆರೋಗ್ಯ ಪ್ರಮಾಣಪತ್ರಕ್ಕೆ ಸಹಿ ಹಾಕುವಂತಿಲ್ಲ. ಡಿಪ್ಲೊಮಾ ಅಥವಾ ಸರ್ಟಿಫಿಕೇಟ್ ಇರುವ ಸಹಾಯಕರಿಗೆ ಸರ್ಕಾರ ಆದೇಶದ ಮೂಲಕ ಸಣ್ಣಪುಟ್ಟ ಸೇವೆಗೆ ಅನುಮತಿ ಕೊಡಬಹುದು. ಲಸಿಕೆ, ಬೀಜ ಒಡೆಯುವುದು, ಗಾಯಕ್ಕೆ ಡ್ರೆಸಿಂಗ್ ಇಂಥವು. ಆದರೆ ಅದೂ ನೋಂದಾಯಿತ ಪಶುವೈದ್ಯರ ಮೇಲ್ವಿಚಾರಣೆಯಲ್ಲಿ, ಅವರು ಹೇಳಿದಂತೆ. ಹತ್ತು ವರ್ಷದ ಅನುಭವ ಆ ಸೆಕ್ಷನ್ನಿನಲ್ಲಿ ಎಲ್ಲೂ ಇಲ್ಲ. ಮಳಿಗೆ ಯಾರದು, ಟೇಬಲ್ ಯಾರದು, ಸಂಬಳ ಯಾರು ಕೊಡುತ್ತಾರೆ ಅನ್ನುವುದು ಬೇರೆ ವಿಷಯ. ಕಂಪನಿಗಳೇ ನಡೆಸುವ ಪೆಟ್ ಕ್ಲಿನಿಕ್‌ಗಳು ಬೆಂಗಳೂರಲ್ಲಿ ಇವೆಯಲ್ಲ. ದುಡ್ಡು ಯಾರದಾದರೂ ಇರಲಿ, ಸೂಜಿ ಹಿಡಿದ ಕೈಯ ಹಿಂದೆ ನಂಬರು ಇರುವ ಮನುಷ್ಯ ನಿಂತಿರಬೇಕು.

ಅವರಿಗೆ ಉಪದೇಶ ಮಾಡಲು ನನಗೇನೂ ಮಹಾ ಹಕ್ಕಿಲ್ಲ. ಕ್ಲಿನಿಕ್ ತೆರೆದ ನಾಲ್ಕನೇ ವರ್ಷ ತಂಗಿಯ ಮದುವೆಗೆಂದು ಐದು ದಿನ ಊರಿಗೆ ಹೋದಾಗ, ನಮ್ಮ ಕಾಂಪೌಂಡರ್ ಕೈಗೆ ಸಹಿ ಹಾಕಿದ ನಾಲ್ಕು ಖಾಲಿ ಲೆಟರ್‌ಹೆಡ್ ಕೊಟ್ಟು ಹೋಗಿದ್ದೆ. ಮದುವೆಯ ದಿನವೇ ಹೊಟ್ಟೆ ಉಬ್ಬರಿಸಿ ಒಂದು ಎಚ್‌ಎಫ್ ತಳಿಯ ಹಸು ಸತ್ತಿತು. ಪಾಪ, ಕಾಂಪೌಂಡರ್ ಹಸು ಸಾಕಿದ್ದ ಹೆಂಗಸಿಗೆ ಸಹಾಯ ಮಾಡೋಣವೆಂದು ವಿಮೆಗೆ ಬೇಕಾದ ವರದಿಯನ್ನು ತಾನೇ ಬರೆದ. ಹಸುವಿನ ಗುರುತಿಗೆ ಹಾಕುವ ಕಿವಿಯೋಲೆಯ 12 ಅಂಕಿಯೂ ಸರಿಯಾಗಿತ್ತು. ಹಸು ಸತ್ತದ್ದು ನಿಜ, ಕಾರಣವೂ ಬಹುಶಃ ನಿಜ. ಆದರೆ ತನಿಖೆಗೆ ಬಂದವರು "ಆ ದಿನ ಡಾಕ್ಟ್ರು ಇದ್ರಾ?" ಅಂತ ಪಕ್ಕದ ಟೀ ಅಂಗಡಿಯಲ್ಲಿ ಕೇಳಿದರು. "ಇಲ್ಲ, ಮದುವೆಗೆ ಹೋಗಿದ್ರು" ಅಂತ ಟೀ ಅಂಗಡಿಯವನೂ ಸತ್ಯವನ್ನೇ ಹೇಳಿದ. ಏಳು ತಿಂಗಳು ಆಕೆ ಸೋಮವಾರ ಸೋಮವಾರ ಬಂದು ನನ್ನ ಕ್ಲಿನಿಕ್ಕಿನ ಬೆಂಚಿನ ಮೇಲೆ ಕೂರುತ್ತಿದ್ದಳು. ಏನೂ ಕೇಳುತ್ತಿರಲಿಲ್ಲ. ಕೊನೆಗೆ ಹಸುವಿನ ದುಡ್ಡು ನಾನೇ ಕೊಟ್ಟೆ. ಸೀಲನ್ನು ಅವತ್ತಿನಿಂದ ಬ್ಯಾಗಿನಲ್ಲೇ ಇಟ್ಟುಕೊಂಡು ಓಡಾಡುತ್ತೇನೆ.

ಔಷಧದ ವಿಷಯಕ್ಕೆ ಬಂದರೂ ಕಥೆ ಇದೇ, ಆದರೆ ಇದು ಯಾರ ತಲೆಗೂ ಹೋಗುವುದಿಲ್ಲ. "ಡಾಕ್ಟ್ರಿಗೆ ಡ್ರಗ್ ಲೈಸೆನ್ಸ್ ಬೇಡವಂತೆ ಅಲ್ವಾ ಸಾರ್?" ಅಂತ ಕೇಳುತ್ತಾರೆ. ಅರ್ಧ ಸತ್ಯ. 1945ರ ಡ್ರಗ್ಸ್ ನಿಯಮಗಳ ಶೆಡ್ಯೂಲ್ 'ಕೆ'ಯಲ್ಲಿ ವೈದ್ಯರು ತಮ್ಮದೇ ರೋಗಿಗೆ ಕೊಡುವ ಔಷಧಕ್ಕೆ ವಿನಾಯಿತಿ ಇದೆ. ಆ ನಿಯಮಗಳು 'ವೈದ್ಯ' ಅನ್ನುವಾಗ ನಮ್ಮನ್ನೂ ಸೇರಿಸಿಕೊಂಡಿವೆ. ಆದರೆ ಅದರ ಬೆನ್ನಿಗೇ ಷರತ್ತಿದೆ: ತೆರೆದ ಅಂಗಡಿ ಇಟ್ಟಿರಬಾರದು, ಕೌಂಟರಿನಲ್ಲಿ ಮಾರಬಾರದು. ಅಂದರೆ ನಾನು ನೋಡಿದ ನಾಯಿಗೆ ನನ್ನ ಕಪಾಟಿನಿಂದ ಮಾತ್ರೆ ಕೊಟ್ಟರೆ ಅದು ಚಿಕಿತ್ಸೆಯ ಭಾಗ. ಅದೇ ಮಾತ್ರೆಯನ್ನು ರಸ್ತೆಗೆ ಮುಖಮಾಡಿದ ಗಾಜಿನ ಕಪಾಟಿನಲ್ಲಿ ಜೋಡಿಸಿಟ್ಟು, ನಾಯಿಯನ್ನು ಮನೆಯಲ್ಲೇ ಬಿಟ್ಟು ಬಂದವರಿಗೆ ಕೊಟ್ಟರೆ ಅದು ಲೈಸೆನ್ಸಿಲ್ಲದ ಮೆಡಿಕಲ್ ಶಾಪು. ವಿನಾಯಿತಿ ಕೂಡ ಗೋಡೆಯದಲ್ಲ, ಡಾಕ್ಟರ ಜೊತೆ ಬಂದು ಡಾಕ್ಟರ ಜೊತೆಯೇ ಹೋಗುವಂಥದ್ದು. ವ್ಯಾಪಾರವೇ ಮಾಡಬೇಕಿದ್ದರೆ ಫಾರ್ಮಸಿಸ್ಟರನ್ನು ಇಟ್ಟು ಔಷಧ ನಿಯಂತ್ರಣ ಇಲಾಖೆಯಿಂದ ಚಿಲ್ಲರೆ ಮಾರಾಟದ ಲೈಸೆನ್ಸ್ ತೆಗೆದುಕೊಳ್ಳಿ. ನಿಮ್ಮ ಕಪಾಟು ಯಾವ ಕಡೆ ಬರುತ್ತದೆ ಅಂತ ಅನುಮಾನವಿದ್ದರೆ ಇನ್‌ಸ್ಪೆಕ್ಟರು ಬರುವವರೆಗೆ ಕಾಯದೆ ನೀವೇ ಹೋಗಿ ಕೇಳಿ. ಅರಿವಳಿಕೆಗೆ ಬಳಸುವ ಕೆಟಮಿನ್, ಬಿಗಿ ನಿಯಂತ್ರಣದ ಶೆಡ್ಯೂಲ್ 'ಎಕ್ಸ್' ಔಷಧ. ಅದಕ್ಕೆ ಬೀಗ ಮತ್ತು ಹನಿ ಹನಿಗೂ ಲೆಕ್ಕ ಇರಲಿ. ಇನ್ನು ನೋವಿಗೆ ಕೊಡುವ ಮನುಷ್ಯರ ಡೈಕ್ಲೊಫಿನಾಕ್ ವಯಲ್ ದನದ ಡಾಕ್ಟರ ಫ್ರಿಜ್ಜಿನಲ್ಲಿ ಯಾಕಿದೆ ಅಂತ ಕೇಳಿದರೆ ನಿಮ್ಮಲ್ಲಿ ಉತ್ತರವಿರುವುದಿಲ್ಲ. ಅದನ್ನು ಜಾನುವಾರಿಗೆ ಬಳಸದಂತೆ ನಿಲ್ಲಿಸಿದ್ದು 2006ರಲ್ಲಿ, ಆ ಔಷಧ ಪಡೆದ ದನಗಳ ಹೆಣ ತಿಂದು ರಣಹದ್ದುಗಳು ಸತ್ತು ಮುಗಿಯುತ್ತ ಬಂದಾಗ.

ಕಸದ್ದು ಮಾತ್ರ ಇದಕ್ಕೆ ತಿರುವುಮುರುವು. ಇಲ್ಲಿ ಜವಾಬ್ದಾರಿ ಜಾಗದ್ದು, ಜಾಗ ನಡೆಸುವವರದು. ಕೆಪಿಎಂಇ ನಮಗಿಲ್ಲದಿದ್ದರೂ ಅದನ್ನು ಹುಡುಕಿಕೊಂಡು ಹೋಗುವ ಜನ, ನಮ್ಮ ಹೆಸರನ್ನೇ ಹಿಡಿದು ಕರೆದಿರುವ 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮವನ್ನು "ಅದು ಮನುಷ್ಯರ ಆಸ್ಪತ್ರೆಗೆ" ಅಂತ ತಳ್ಳಿಹಾಕುತ್ತಾರೆ. ಪಶುವೈದ್ಯ ಸಂಸ್ಥೆ ಅಂತ ಅದರಲ್ಲಿ ಸ್ಪಷ್ಟವಾಗಿ ಬರೆದಿದೆ. ಮಾಲಿನ್ಯ ನಿಯಂತ್ರಣ ಮಂಡಳಿಯ ಅಧಿಕಾರಪತ್ರ ಬೇಕು. ಹಾಸಿಗೆ ಇಲ್ಲದ ಕ್ಲಿನಿಕ್ಕಿಗೆ ಅದು ಒಂದೇ ಸಲ. ಸಾಮೂಹಿಕ ಸಂಸ್ಕರಣಾ ಘಟಕದವರ ಜೊತೆ ಒಪ್ಪಂದ ಬೇಕು, ಪ್ರತಿ ವರ್ಷ ಜೂನ್ 30ರೊಳಗೆ ವರದಿ ಕೊಡಬೇಕು. ಪರಿಚಯದ ಒಬ್ಬ ಡಾಕ್ಟರು ನಾಯಿಯ ಕೀವು ತುಂಬಿದ ಗರ್ಭಕೋಶ ತೆಗೆದು, ಕರಿ ಕವರಿನಲ್ಲಿ ಕಟ್ಟಿ ನಗರಸಭೆ ಗಾಡಿಗೆ ಹಾಕಿಸಿದ್ದರು. ಕವರು ಒಡೆಯಿತು. ಪೌರಕಾರ್ಮಿಕ ಹೆಂಗಸು ಅದೇನೆಂದು ಗೊತ್ತಾಗದೆ ಕಿರುಚಿಕೊಂಡು, ಬೀದಿಯವರು ಸೇರಿ ಪೊಲೀಸರನ್ನು ಕರೆದು, ಅದು ಮನುಷ್ಯರದಲ್ಲ ಅಂತ ಸಾಬೀತು ಮಾಡುವಷ್ಟರಲ್ಲಿ ಸಂಜೆಯಾಯಿತು. ಇಂಥದ್ದಕ್ಕೆ ಹಳದಿ ಚೀಲ, ಇಟ್ಟುಕೊಳ್ಳುವುದು ಹೆಚ್ಚೆಂದರೆ 48 ಗಂಟೆ, ಅಷ್ಟೇ ನೆನಪಿಟ್ಟುಕೊಳ್ಳಿ.

ಉಳಿದವು ಸುಲಭ. ನಗರಸಭೆಯದೋ ಪಂಚಾಯಿತಿಯದೋ ಉದ್ದಿಮೆ ಪರವಾನಗಿ, ಎಕ್ಸ್‌ರೇ ಇಟ್ಟರೆ ಅಣುಶಕ್ತಿ ನಿಯಂತ್ರಣ ಮಂಡಳಿಯ ಇ-ಲೋರಾ ಪೋರ್ಟಲ್‌ನಲ್ಲಿ ಅನುಮತಿ, ನಾಯಿಮರಿ ಮಾರುವ ಆಸೆಯಿದ್ದರೆ 2018ರ ಪೆಟ್ ಶಾಪ್ ನಿಯಮ. ಸ್ಕ್ಯಾನಿಂಗ್ ಯಂತ್ರ ಕೊಳ್ಳುವಾಗ ಮಾರುವವರು ಭ್ರೂಣಲಿಂಗ ಪತ್ತೆ ಕಾಯ್ದೆಯ ಕಾಗದ ಕೇಳಿದರೆ ಜಗಳಾಡಬೇಡಿ, ಜಿಲ್ಲೆಯ ಸಕ್ಷಮ ಪ್ರಾಧಿಕಾರಕ್ಕೆ ಬರೆದು ಲಿಖಿತ ಉತ್ತರ ಪಡೆಯಿರಿ. ಹೊರರಾಜ್ಯದಲ್ಲಿ ನೋಂದಾಯಿಸಿದವರು ಇಲ್ಲೇ ನೆಲೆಸುವುದಾದರೆ ನೋಂದಣಿಯನ್ನು ಇಲ್ಲಿಗೆ ವರ್ಗ ಮಾಡಿಸಿಕೊಳ್ಳಿ, ಐದು ವರ್ಷಕ್ಕೊಮ್ಮೆ ನವೀಕರಿಸುವುದನ್ನು ಮರೆಯಬೇಡಿ. ಮರೆತವರ ಪಟ್ಟಿ ಓದಿದರೆ ನಿಮ್ಮ ಗುರುಗಳ ಹೆಸರೂ ಸಿಗಬಹುದು.

ಅಡಿಕೆ ವ್ಯಾಪಾರಸ್ಥರು ಕೊನೆಗೆ ಕ್ಲಿನಿಕ್ ತೆರೆದರು. ನಮ್ಮ ಕಾಲೇಜಿನಿಂದಲೇ ಹೊರಬಂದ ಹುಡುಗಿಯೊಬ್ಬಳು ಡಾಕ್ಟರು. ಬೋರ್ಡಿನ ಮೇಲೆ ಅವಳ ಹೆಸರು, ಅವಳ ನಂಬರು. ಇವರು ಕೌಂಟರಿನಲ್ಲಿ ಕೂತು ಚೀಟಿ ಹರಿಯುತ್ತಾರೆ, ಬಂದ ನಾಯಿಗಳ ಕತ್ತು ಕೆರೆಯುತ್ತಾರೆ. ಅನುಭವಸ್ಥ ಹುಡುಗ ನಾಯಿ ಹಿಡಿಯುವುದರಲ್ಲಿ ನಿಜಕ್ಕೂ ಪಳಗಿದವನು.

ಹೋದ ವಾರ ಫೋನು ಬಂತು.

"ಸಾರ್, ಡಾಕ್ಟ್ರಮ್ಮ ನಾಳೆಯಿಂದ ಎರಡು ದಿನ ರಜಾ. ಬರೀ ಜಂತಿನ ಮಾತ್ರೆ ಅಷ್ಟೇ ಸಾರ್, ಹುಡುಗನ ಕೈಲಿ ಕೊಡಿಸಬಹುದಲ್ವಾ?"

"ಬಾಗಿಲು ಹಾಕಿ."

"ಫೋನಲ್ಲಿ ಅವರನ್ನ ಕೇಳಿ ಕೊಟ್ರೆ?"

"ಬಾಗಿಲು ಹಾಕಿ ಸ್ವಾಮಿ. ತುರ್ತಾಗಿ ಯಾರಾದ್ರೂ ಬಂದ್ರೆ ನನ್ನ ಹತ್ರ ಕಳಿಸಿ, ರಾತ್ರಿ ಆದ್ರೂ ಪರವಾಗಿಲ್ಲ. ಫೋನ್ ಎತ್ತುತೀನಿ."